ಮೇ ತಿಂಗಳಲ್ಲಿ ಜಕ್ಕೂರಿನಿಂದ ವಿದ್ಯಾನಗರಕ್ಕೆ ಸೆಸ್ನಾ 172: ಸಂಜೆ ವಾಪಸ್ ಬರಬಹುದೇ?

ಕೌಲ್‌ಬಜಾರ್ 172:

ಎಲ್ಲರಿಗೂ ನಮಸ್ಕಾರ. ಮೇ ಮೊದಲ ವಾರದಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಬಳ್ಳಾರಿ ಹತ್ತಿರದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ 172ಎಸ್ ತರುವ ಯೋಚನೆ ಇದೆ. ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಇದೆ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಮೀಟರ್ ನೋಡಿಯೇ ಹಾರಿಸುವ ಅರ್ಹತೆ) ಇಲ್ಲ. ಪ್ಲಾನ್ ಹೀಗಿದೆ: ಬೆಳಗ್ಗೆ 9ಕ್ಕೆ ಟೇಕಾಫ್, ನೇರ ದಾರಿ 138 ನಾಟಿಕಲ್ ಮೈಲು, ಸುಮಾರು 1 ಗಂಟೆ 20 ನಿಮಿಷ. ಮೂರು ಜನ, ತಲಾ 75 ಕಿಲೊ, ಬ್ಯಾಗು 20 ಕಿಲೊ, ಟ್ಯಾಂಕ್ ಫುಲ್. ಮಧ್ಯಾಹ್ನ ಬಳ್ಳಾರಿಯಲ್ಲಿ ಊಟ, ಸಂಜೆ 4:30ಕ್ಕೆ ಹೊರಟರೆ ಸೂರ್ಯಾಸ್ತದ ಒಳಗೆ ಜಕ್ಕೂರು.

ಕೇಳಬೇಕಾದದ್ದು ಮೂರು. 41 ಡಿಗ್ರಿ ಬಿಸಿಲಲ್ಲಿ ಈ ತೂಕಕ್ಕೆ ವಿಮಾನ ಹೇಗೆ ಏರುತ್ತೆ? ಗುಡುಗು ಮಳೆ ಬರುತ್ತೋ ಇಲ್ಲವೋ ಎಂದು ಯಾವುದನ್ನು ನೋಡಿ ನಿರ್ಧಾರ ಮಾಡಬೇಕು? ದಾರಿಯಲ್ಲಿ ಹವೆ ಕೆಟ್ಟರೆ ಎಲ್ಲಿಂದ ಹಿಂದಿರುಗಬೇಕು?

ಸಂಡೂರು ರಿಡ್ಜ್:

ಮೊದಲು ಆ 4:30 ತೆಗೆಯಿರಿ, ಮಿಕ್ಕಿದ್ದು ಆಮೇಲೆ ಮಾತಾಡೋಣ. ಇಡೀ ಪ್ಲಾನಿನಲ್ಲಿ ನಿಜವಾದ ಅಪಾಯ ಇರುವುದು ಆ ಒಂದು ಸಾಲಿನಲ್ಲಿ.

ಮೇ ಮೊದಲ ವಾರ ಎಂದರೆ ಭರಣಿ ಮಳೆಯ ದಿನಗಳು. ಮಹಾರಾಷ್ಟ್ರದ ಕಡೆಯಿಂದ ಒಳನಾಡು ಕರ್ನಾಟಕದ ಮೇಲೆ ಹಾದು ದಕ್ಷಿಣಕ್ಕೆ ಇಳಿಯುವ ಟ್ರಫ್ (ಕಡಿಮೆ ಒತ್ತಡದ ಉದ್ದನೆ ಪಟ್ಟಿ) ಒಂದನ್ನು ಹವಾಮಾನ ಇಲಾಖೆಯ ಬುಲೆಟಿನ್‌ಗಳಲ್ಲಿ ಆ ಕಾಲದಲ್ಲಿ ಮತ್ತೆ ಮತ್ತೆ ನೋಡುತ್ತೀರಿ. ಬೆಳಗ್ಗೆ 9ಕ್ಕೆ ಆಕಾಶ ತೊಳೆದಿಟ್ಟ ಹಾಗಿರುತ್ತೆ. 11:30ರ ಹೊತ್ತಿಗೆ ಹತ್ತಿಯುಂಡೆಯಂಥ ಮೋಡ ಕಾಣಿಸುತ್ತೆ. ಅದರ ಎತ್ತರ ಅಗಲಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ತೊಂದರೆ ಇಲ್ಲ. ಎತ್ತರ ಅಗಲವನ್ನು ಮೀರಿ, ಹೂಕೋಸಿನ ತಲೆಯಂತೆ ಅಂಚು ಗಟ್ಟಿಯಾಗಿ ಕಂಡರೆ, ಮೂರರಿಂದ ಏಳು ಗಂಟೆಯ ನಡುವೆ ಎಲ್ಲೋ ಒಂದು ಕಡೆ ಅದು ಸಿಬಿ (ಕ್ಯುಮುಲೋನಿಂಬಸ್, ಗುಡುಗು ಮೋಡ) ಆಗುತ್ತೆ ಅಂತಲೇ ಇಟ್ಟುಕೊಂಡು ನಡೆಯಬೇಕು. ನೀವು ಹೊರಡಬೇಕೆಂದಿರುವುದು ಸರಿಯಾಗಿ ಆ ಹೊತ್ತಿಗೆ.

ನಮ್ಮ ಬಯಲಲ್ಲಿ ಈ ಮೋಡಗಳ ವಿಶೇಷ ಏನೆಂದರೆ ತಳ ತುಂಬಾ ಎತ್ತರ. ಲೆಕ್ಕ ಸುಲಭ: ತಾಪಮಾನಕ್ಕೂ ಡ್ಯೂ ಪಾಯಿಂಟ್‌ಗೂ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ) ಇರುವ ವ್ಯತ್ಯಾಸವನ್ನು 400ರಿಂದ ಗುಣಿಸಿ, ನೆಲದಿಂದ ಮೋಡದ ತಳಕ್ಕೆ ಎಷ್ಟು ಅಡಿ ಎಂದು ಸಿಗುತ್ತೆ. 40ಕ್ಕೆ 18 ಇದ್ದರೆ 8,800 ಅಡಿ. ಹೊಸಬರು ಇದನ್ನು ನೋಡಿ 'ಅಷ್ಟು ಎತ್ತರ ಇದೆಯಲ್ಲ, ಕೆಳಗೆ ನುಸುಳಿ ಹೋಗಬಹುದು' ಎಂದುಕೊಳ್ಳುತ್ತಾರೆ. ಸರಿಯಾಗಿ ತಿರುವುಮುರುವು. ಅಷ್ಟು ಎತ್ತರದಿಂದ ಬೀಳುವ ಹನಿ ಒಣಗಾಳಿಯಲ್ಲಿ ನೆಲ ಮುಟ್ಟುವ ಮುಂಚೆಯೇ ಆರುತ್ತೆ. ಆರುವಾಗ ಸುತ್ತಲ ಗಾಳಿಯ ಶಾಖ ಹೀರುತ್ತೆ. ತಣ್ಣಗಾಗಿ ಭಾರವಾದ ಆ ಗಾಳಿ ಧಡಕ್ಕನೆ ಕೆಳಗೆ ಬೀಳುತ್ತೆ. ಇದೇ ಒಣ ಮೈಕ್ರೊಬರ್ಸ್ಟ್. ಮೋಡದ ಕೆಳಗೆ ಬೂದು ಬಣ್ಣದ ಪರದೆ ಜೋಲಾಡುತ್ತಾ ನಡುವೆಯೇ ಮಾಯವಾಗುವುದು ಕಂಡರೆ ಅದರ ಅಡಿಗೆ ಹೋಗಲೇಬಾರದು. ಅಗಲ 4 ಕಿ.ಮೀ. ಒಳಗೆ, ಆಯಸ್ಸು ಹೆಚ್ಚೆಂದರೆ ಕಾಲು ಗಂಟೆ. ಆದರೆ ಒಳಗಿನ ಕೆಳಮುಖ ಗಾಳಿ ನಿಮಿಷಕ್ಕೆ 6,000 ಅಡಿವರೆಗೂ ಹೋಗಬಲ್ಲದು. 172 ಏರುವುದು ನಿಮಿಷಕ್ಕೆ ಐನೂರು ಚಿಲ್ಲರೆ ಅಡಿ.

ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುತ್ತಿರುವಾಗ, ಅದರೊಳಗೆ ಹೊಕ್ಕರೆ ಆಗುವ ಕ್ರಮ ಇದು: ಮೊದಲು ಎದುರುಗಾಳಿ ಹೆಚ್ಚಿ ಸ್ಪೀಡು ಏರುತ್ತೆ, ಪೈಲಟ್ ಪವರ್ ಇಳಿಸುತ್ತಾನೆ, ನಡುವಿಗೆ ಬಂದಾಗ ವಿಮಾನ ಕುಸಿಯುತ್ತೆ, ಆಚೆ ಅಂಚಿನಲ್ಲಿ ಹಿಂಗಾಳಿ ಹಿಡಿದು ಇದ್ದ ಸ್ಪೀಡೂ ಹೋಗುತ್ತೆ. ಕಾರಣ ಇಲ್ಲದೆ ಸ್ಪೀಡು 10-15 ನಾಟ್ ಏರಿದ ಕ್ಷಣವೇ ಫುಲ್ ಪವರ್, ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು). ಎರಡನೇ ಲಕ್ಷಣ ಕಾಯುತ್ತಾ ಕೂರಬೇಡಿ.

ಮಳೆಯ ಮುಂದೆ ಓಡುವ ಧೂಳಿನ ಗೋಡೆ ಇನ್ನೊಂದು. ಗಸ್ಟ್ ಫ್ರಂಟ್ (ಮೋಡದಿಂದ ಹೊರನುಗ್ಗುವ ತಣ್ಣನೆ ಬಿರುಗಾಳಿಯ ಅಂಚು) ಮೋಡಕ್ಕಿಂತ 15-20 ಮೈಲು ಮುಂದೆ ಇರಬಹುದು. ರನ್‌ವೇಗೆ 70 ಡಿಗ್ರಿ ಓರೆಯಾಗಿ 28 ನಾಟ್ ಬೀಸಿದರೆ ಅಡ್ಡಗಾಳಿ 26 ನಾಟ್. 172ರ ಪುಸ್ತಕದಲ್ಲಿ ತೋರಿಸಿರುವುದು 15. ಬಲವಾದ ಸಿಬಿಯಿಂದ 20 ನಾಟಿಕಲ್ ಮೈಲು ದೂರ ಇರಬೇಕು ಎನ್ನುವ ನಿಯಮವನ್ನು ಜೆಟ್‌ನವರೇ ಪಾಲಿಸುತ್ತಾರೆ. ನಾವು ಅದಕ್ಕಿಂತ ಕಡಿಮೆ ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ.

ಇನ್ನು ಬೆಳಕು. ವಿಎಫ್‌ಆರ್ (ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವ) ಹಾರಾಟ ಸೂರ್ಯೋದಯಕ್ಕೆ 20 ನಿಮಿಷ ಮುಂಚೆಯಿಂದ ಸೂರ್ಯಾಸ್ತದ ನಂತರ 20 ನಿಮಿಷದವರೆಗೆ ಮಾತ್ರ. ಆ ದಿನಗಳಲ್ಲಿ ಸೂರ್ಯಾಸ್ತ ಸುಮಾರು 6:40. 4:30ಕ್ಕೆ ಹೊರಟು ಒಂದು ಮೋಡ ಸುತ್ತಿ, ಇನ್ನೊಂದಕ್ಕೆ ಕಾದು ಕೂತರೆ ಅರ್ಧ ದಾರಿಯಲ್ಲಿ ಗಡಿಯಾರವೂ ನಿಮ್ಮನ್ನು ತಳ್ಳಲು ಶುರುಮಾಡುತ್ತೆ. ಬೆಳಗ್ಗೆ 6:15ಕ್ಕೆ ಟೇಕಾಫ್ ಮಾಡಿ, 7:40ಕ್ಕೆ ಇಳಿಯಿರಿ. ವಾಪಸ್ ಅದೇ ದಿನ ಬೇಕಿದ್ದರೆ 9:30ರೊಳಗೆ ಎದ್ದುಬಿಡಿ. ಬಳ್ಳಾರಿಯಲ್ಲಿ ಊಟ ಮಾಡಲೇಬೇಕಾದರೆ ರಾತ್ರಿ ಉಳಿದು ಮರುದಿನ ಬೆಳಗ್ಗೆ ಹೊರಡಿ.

ಕ್ಯೂಎನ್‌ಎಚ್ 1004:

ತೂಕದ ಲೆಕ್ಕ ಮಾಡಿದ್ದೀರಾ? 172ಎಸ್‌ನ ಗರಿಷ್ಠ ತೂಕ 2,550 ಪೌಂಡ್, ಅಂದರೆ 1,157 ಕಿಲೊ. ಖಾಲಿ ತೂಕ 775 ಎಂದಿಟ್ಟರೆ ಉಳಿಯುವುದು 382. ಮೂವರು ಮತ್ತು ಬ್ಯಾಗು 245. ಫುಲ್ ಟ್ಯಾಂಕ್ ಅಂದರೆ ಬಳಸಬಹುದಾದ 200 ಲೀಟರ್, ಲೀಟರಿಗೆ 0.72ರಂತೆ 144 ಕಿಲೊ. ಒಟ್ಟು 389. ಬಿಸಿಲಿನ ಮಾತು ಬರುವ ಮುಂಚೆಯೇ ನೀವು ಮಿತಿ ದಾಟಿದ್ದೀರಿ. ನಿಮ್ಮ ವಿಮಾನದ ವೆಯಿಂಗ್ ಶೀಟ್ ನೋಡಿ, ಖಾಲಿ ತೂಕ ಅದರಿಂದಲೇ ತೆಗೆದುಕೊಳ್ಳಿ.

ಈಗ ಬಿಸಿಲು. ವಿದ್ಯಾನಗರ ಸಮುದ್ರಮಟ್ಟದಿಂದ ಸುಮಾರು 1,650 ಅಡಿ. ಮೇ ಮಧ್ಯಾಹ್ನ ಒತ್ತಡ 1004 ಹೆಕ್ಟೊಪಾಸ್ಕಲ್‌ಗೆ ಇಳಿದಿದ್ದರೆ, ಪ್ರಮಾಣಿತ 1013ಕ್ಕೆ 9 ಕಡಿಮೆ, ಒಂದಕ್ಕೆ 30 ಅಡಿಯಂತೆ 270 ಸೇರಿಸಿ: ಪ್ರೆಶರ್ ಆಲ್ಟಿಟ್ಯೂಡ್ (ಒತ್ತಡದ ಲೆಕ್ಕದ ಎತ್ತರ) 1,900ರ ಸುಮಾರು. ಆ ಎತ್ತರಕ್ಕೆ ಐಸಾ (ಪ್ರಮಾಣಿತ ವಾತಾವರಣ) ತಾಪಮಾನ 11 ಡಿಗ್ರಿ. ಇರುವುದು 41. ಮೂವತ್ತು ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ 3,600. ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳುವೋ ಅದಕ್ಕೆ ಸಮನಾದ ಎತ್ತರ, 5,500 ಅಡಿ. ಅದೇ ಜಾಗ ಬೆಳಗ್ಗೆ ಆರಕ್ಕೆ 26 ಡಿಗ್ರಿ ಇದ್ದರೆ 3,500 ಆಸುಪಾಸು.

ಜಕ್ಕೂರಿನಲ್ಲಿ ಕಲಿತವರಿಗೆ ಈ ಅಂಕಿ ಹೆದರಿಕೆ ಹುಟ್ಟಿಸುವುದಿಲ್ಲ, ನಿಜ. ಅಲ್ಲಿ ನೆಲವೇ 3,000 ಅಡಿ; ಬೆಳಗ್ಗೆ 23 ಡಿಗ್ರಿಗೇ 4,700 ಬರುತ್ತೆ. ಆದರೆ ಆ ಅಭ್ಯಾಸ ಇಬ್ಬರು ಕೂತಾಗಿನದ್ದು, ಬೆಳಗಿನ ಸ್ತಬ್ಧ ಗಾಳಿಯದ್ದು. ಮೂವರ ತೂಕದಲ್ಲಿ ಮಧ್ಯಾಹ್ನ ನಿಮಿಷಕ್ಕೆ 500 ಅಡಿ ಏರುತ್ತಿರುವಾಗ, ಎರಡು ಥರ್ಮಲ್‌ಗಳ (ಮೇಲೇಳುವ ಬಿಸಿಗಾಳಿಯ ಕಂಬಗಳ) ನಡುವೆ ಗಾಳಿ ಇಳಿಯುವ ಜಾಗ ಸಿಗುತ್ತೆ. ಅದು ನಿಮಿಷಕ್ಕೆ 500 ಇಳಿಯುತ್ತಿದ್ದರೆ ನಿಮ್ಮ ವಿಎಸ್‌ಐ (ಏರಿಳಿತದ ವೇಗದ ಮೀಟರ್) ಸೊನ್ನೆ. ವಿದ್ಯಾನಗರದ ರನ್‌ವೇ ಉದ್ದ 172ಕ್ಕೆ ಧಾರಾಳ, ಆದ್ದರಿಂದ ಓಟದ ದೂರದ ಚಿಂತೆ ಬಿಡಿ. ಎದ್ದ ನಂತರದ ಐದು ನಿಮಿಷ ಯಾವ ದಿಕ್ಕಿಗೆ ಹೋಗುತ್ತೀರಿ ಅನ್ನುವುದು ಮುಖ್ಯ. ಒಂದು ಬದಿಗೆ ಸಂಡೂರಿನ ಬೆಟ್ಟ ಸುಮಾರು ಸಾವಿರ ಮೀಟರ್ ಇದೆ, ಸುತ್ತ ಎತ್ತರದ ಚಿಮಣಿಗಳು, ವಿದ್ಯುತ್ ಲೈನುಗಳು. ಬಯಲಿನ ಕಡೆಗೇ ಏರಿ, 4,000 ದಾಟಿದ ಮೇಲೆ ತಿರುಗಿ.

ಎರಡು ತಪ್ಪು ಸಾಮಾನ್ಯವಾಗಿ ಆಗುತ್ತವೆ. ಒಂದು, ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಪೂರ್ತಿ ರಿಚ್ (ಪೆಟ್ರೋಲ್ ಹೆಚ್ಚು) ಇಟ್ಟು ಟೇಕಾಫ್ ಮಾಡುವುದು. ಗಾಳಿ ತೆಳುವಾದಾಗ ಪೆಟ್ರೋಲ್ ಹೆಚ್ಚಾಗಿ ಎಂಜಿನ್ನು ಇರುವ ಶಕ್ತಿಯನ್ನೂ ಕೊಡುವುದಿಲ್ಲ. ಬ್ರೇಕ್ ಹಿಡಿದು ಫುಲ್ ಥ್ರಾಟಲ್‌ನಲ್ಲಿ ಆರ್‌ಪಿಎಂ ಗರಿಷ್ಠ ಬರುವವರೆಗೆ ಲೀನ್ (ಪೆಟ್ರೋಲ್ ಕಡಿಮೆ) ಮಾಡಿ, ಅಲ್ಲಿಂದ ಒಂಚೂರು ರಿಚ್ ಕಡೆಗೆ ತನ್ನಿ. ಎರಡು, ನೆಲ ವೇಗವಾಗಿ ಓಡುವುದನ್ನು ನೋಡಿ ಮೂಗು ಎತ್ತುವುದು. 5,500ರಲ್ಲಿ ನಿಜವಾದ ವೇಗ ಮೀಟರಿಗಿಂತ 8-10 ಶೇಕಡಾ ಹೆಚ್ಚು. ಇಳಿಯುವಾಗಲೂ ಹಾಗೇ, ನೆಲದ ಮೇಲಿನ ಓಟ ಸುಮಾರು ಆರನೇ ಒಂದು ಭಾಗ ಉದ್ದವಾಗುತ್ತೆ. ಕಣ್ಣು ಹೇಳಿದ್ದನ್ನು ಬಿಟ್ಟು ಏರ್‌ಸ್ಪೀಡ್ ಮೀಟರ್ ಹೇಳಿದ್ದನ್ನು ಹಿಡಿಯಿರಿ.

ಕುಲುಕಾಟ ಜೋರಾದರೆ ವಿಎ (ಕುಲುಕಾಟವನ್ನು ವಿಮಾನದ ಚೌಕಟ್ಟು ತಾಳುವ ವೇಗ) ಒಳಗೆ ಬನ್ನಿ. 172ಎಸ್‌ಗೆ 2,550 ಪೌಂಡಿನಲ್ಲಿ 105 ನಾಟ್, 2,200ರಲ್ಲಿ 98, 1,900ರಲ್ಲಿ 90. ಹಗುರಾದಷ್ಟೂ ಕಡಿಮೆ ಅನ್ನುವುದು ನೆನಪಿರಲಿ. ರೆಕ್ಕೆ ಮಟ್ಟವಾಗಿಡಿ, ನೂರಿನ್ನೂರು ಅಡಿ ಮೇಲೆ ಕೆಳಗಾದರೆ ಬೆನ್ನಟ್ಟಬೇಡಿ, ಫ್ಲಾಪ್ ಹಾಕಬೇಡಿ.

ಎರೆಹೊಲ ರಾಯಚೂರು:

ಮಾಹಿತಿ ಎಲ್ಲಿಂದ ತಗೋಬೇಕು ಅನ್ನೋದು ನಾ ಹೇಳ್ತೀನ್ರಿ. ನಮ್ಮ ಕಡೆ ಜಿಲ್ಲೆಯೊಳಗ ಹವಾಮಾನದ ಕಣ್ಣು ಬಾಳ ದೂರ ಅವ. ಹೈದರಾಬಾದ್ ಡಾಪ್ಲರ್ ರಡಾರ್ ಚಿತ್ರ ನೋಡಿ 'ಬಳ್ಳಾರಿ ಮ್ಯಾಲ ಏನೂ ಇಲ್ಲ' ಅಂತ ಹೊರಡಬ್ಯಾಡ್ರಿ. ರಡಾರಿನ ಕಿರಣ ನೆಲಾ ಹಿಡಕೊಂಡು ಹೋಗಂಗಿಲ್ಲ. ಅರ್ಧ ಡಿಗ್ರಿ ಎತ್ತಿ ಬಿಟ್ಟದ್ದು ರಾಯಚೂರಿಗೆ ಬರೋ ಹೊತ್ತಿಗೆ, ಅಂದ್ರ 180 ಕಿಲೋಮೀಟರಿಗೆ, ಮೂರೂವರಿ ಕಿಲೋಮೀಟರ್ ಮ್ಯಾಲ ಇರ್ತದ. ಬಳ್ಳಾರಿ 300 ಕಿಲೋಮೀಟರ್; ಅಲ್ಲಿಗೆ ಏಳೆಂಟು ಕಿಲೋಮೀಟರ್ ಎತ್ತರ. ಮೋಡ ಪೂರಾ ಬೆಳೆದು ನಿಂತ ಮ್ಯಾಲಷ್ಟ ಕಾಣ್ತದ, ಬೆಳೀತಿರೋ ಮೋಡ ಕಾಣಂಗಿಲ್ಲ.

ಅದಕ್ಕ ಉಪಗ್ರಹ ಚಿತ್ರ ನೋಡ್ರಿ. ಇನ್ಸಾಟ್‌ನ ಅರ್ಧ ಗಂಟಿಗೊಂದು ಬರೋ ಚಿತ್ರದಾಗ ಮೂರು ನಾಕು ಸಾಲಾಗಿ ಇಟ್ಕೊಂಡು ಯಾವ ಕಡೆ ಬೆಳೀತಾವ, ಯಾವ ಕಡೆ ಸರೀತಾವ ಅನ್ನೋದು ಹಿಡೀರಿ. ಒಂದೇ ಚಿತ್ರ ನೋಡಿದ್ರ ಏನೂ ತಿಳ್ಯಂಗಿಲ್ಲ. ಆಮ್ಯಾಲ ಹವಾಮಾನ ಇಲಾಖೆಯ ಜಿಲ್ಲಾವಾರು ನೌಕಾಸ್ಟ್, ಅದು ಮುಂದಿನ ಮೂರು ತಾಸಿನ ಮುನ್ಸೂಚನಿ. ಸಿಡಿಲಿನ ಸಲುವಾಗಿ 'ದಾಮಿನಿ', ನಮ್ಮ ರಾಜ್ಯದ 'ಸಿಡಿಲು' ಆ್ಯಪ್. ಸಿಡಿಲು ಹೊಡೀತು ಅಂದ್ರ ಅಲ್ಲಿ ಸಿಬಿ ಅದ ಅಂತನ ಅರ್ಥ, ಮತ್ತೇನೂ ಸಾಕ್ಷಿ ಬ್ಯಾಡ.

ಮೆಟಾರ್ (ನಿಲ್ದಾಣದ ಸದ್ಯದ ಹವಾ ವರದಿ) ಹುಬ್ಬಳ್ಳಿ, ಕರ್ನೂಲು, ಬೆಂಗಳೂರು ಮೂರೂ ತಗೀರಿ. ವ್ಯಾಳ್ಯಾ ಯುಟಿಸಿಯೊಳಗ ಇರ್ತದ, ಐದೂವರಿ ತಾಸು ಕೂಡಸ್ರಿ. 0530 ಅಂದ್ರ ನಮ್ಮ ಮುಂಜಾನೆ 11. ಟ್ಯಾಫ್‌ನಾಗ (ನಿಲ್ದಾಣದ ಹವಾ ಮುನ್ಸೂಚನಿಯೊಳಗ) 'ಟೆಂಪೊ' ಅಂತ ಬರೆದು ಗುಡುಗು ಹಾಕಿದ್ರ, ಅದು ಸ್ವಲ್ಪ ಹೊತ್ತಿಂದು ಅಂತ ಬಿಡಬ್ಯಾಡ್ರಿ. ಆ ಸ್ವಲ್ಪ ಹೊತ್ತು ನೀವು ಇಳಿಯೋ ಹೊತ್ತ ಆಗಿರಬಹುದು. ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದವರಿಗೆ ಟೆಂಪೊ ಅಂದ್ರ ಪೂರ್ತಿ ಹೊತ್ತು ಅಂತ ಓದಬೇಕು.

ಮತ್ತ ಕಡೀಗೆ, ವಿದ್ಯಾನಗರ ಖಾಸಗಿ ನಿಲ್ದಾಣ. ಮುಂಚಿತ ಅನುಮತಿ ಬೇಕು, ಟವರ್ ಯಾವಾಗಿಂದ ಯಾವಾಗ ತನಕ ಇರ್ತದ ಅಂತ ಕೇಳಬೇಕು. ಹಂಗ ಫೋನ್ ಹಚ್ಚಿದಾಗ 'ಗಾಳಿ ಎಷ್ಟು' ಅಂತ ಕೇಳೋದರ ಜೋಡಿ 'ಚಿಮಣಿ ಹೊಗಿ ಯಾವ ಕಡೆ ಹೊಂಟದ' ಅಂತ ಕೇಳ್ರಿ. ತೋರಣಗಲ್ಲು, ಕುಡತಿನಿ ಚಿಮಣಿಗಳ ಹೊಗಿ ಇಪ್ಪತ್ತು ಮೂವತ್ತು ಮೈಲಿಂದ ಕಾಣೋ ವಿಂಡ್‌ಸಾಕ್ ಇದ್ದಂಗ. ಎರಡು ಊರಿನ ಹೊಗಿ ಬ್ಯಾರೆ ಬ್ಯಾರೆ ದಿಕ್ಕಿಗೆ ಬಾಗಿದ್ರ, ಇಲ್ಲಾಂದ್ರ ಕಣ್ಮುಂದೆನ ದಿಕ್ಕು ಬದಲಿಸಿದ್ರ, ನಡುವ ಗಸ್ಟ್ ಫ್ರಂಟ್ ಬಂದದ.

ಗಿಣಿಗೇರಾ ವಿಂಡ್‌ಸಾಕ್:

ದಾರಿಯ ಬಗ್ಗೆ. ನಿಮ್ಮ ಗೆರೆ ಮಧುಗಿರಿಯ ಪೂರ್ವಕ್ಕೆ, ಪಾವಗಡದ ಪಶ್ಚಿಮಕ್ಕೆ ಹಾದು ಹೆಚ್ಚುಕಡಿಮೆ ರಾಯದುರ್ಗದ ಮೇಲೆಯೇ ಬರುತ್ತದೆ. ಪಾವಗಡದ ಸಾಲು ಅರ್ಧ ದಾರಿ, 67 ಮೈಲು. ರಾಯದುರ್ಗ 107ನೇ ಮೈಲು. ಅಲ್ಲಿಂದ ವಿದ್ಯಾನಗರ 31 ಮೈಲು, 17 ನಿಮಿಷ. ಮಧುಗಿರಿಯ ಬಂಡೆಯೇ 3,930 ಅಡಿ ಇರುವುದರಿಂದ ಹೋಗುವಾಗ 4,500 ಬೇಡ, 6,500 ಇಟ್ಟುಕೊಳ್ಳಿ. ಬರುವಾಗ 7,500.

ತೀರ್ಮಾನದ ಜಾಗ ರಾಯದುರ್ಗ. ಅಲ್ಲಿಗೆ ಬಂದಾಗ ಮುಂದೆ ಕುಡತಿನಿಯ ಚಿಮಣಿ, ಸಂಡೂರಿನ ಬೆಟ್ಟಸಾಲು ಕಾಣಬೇಕು. ಕಾಣದಿದ್ದರೆ ಇನ್ನೈದು ನಿಮಿಷ ನೋಡೋಣ ಎನ್ನದೆ ತಿರುಗಿ. ಇದನ್ನು ನೀ-ಬೋರ್ಡ್ (ತೊಡೆಗೆ ಕಟ್ಟುವ ಹಲಗೆ) ಮೇಲೆ ನೆಲದಲ್ಲೇ ಬರೆದುಕೊಂಡಿರಬೇಕು, ಏಕೆಂದರೆ ಗಾಳಿಯಲ್ಲಿ ತಲೆ ಬೇರೆ ಕಾರಣ ಹುಡುಕುತ್ತದೆ: ಇಷ್ಟು ದೂರ ಬಂದಿದ್ದೇವೆ, ಜೊತೆಗಿದ್ದವರು ಏನೆಂದುಕೊಳ್ಳುತ್ತಾರೆ, ಇತ್ಯಾದಿ.

ಇಷ್ಟು ಬಿಗಿ ಯಾಕೆಂದರೆ ವಿದ್ಯಾನಗರದ ಹತ್ತಿರ ನಮಗೆ ಒದಗುವ ಜಾಗ ಇಲ್ಲ. ಹುಬ್ಬಳ್ಳಿ 90 ಮೈಲು, ಕರ್ನೂಲಿನ ಓರ್ವಕಲ್ಲು 90 ಚಿಲ್ಲರೆ. ಕೊಪ್ಪಳದ ಗಿಣಿಗೇರಾ ಸ್ಟ್ರಿಪ್ 27 ಮೈಲಿದ್ದರೂ ಖಾಸಗಿ, ಮುಂಚೆಯೇ ಕೇಳಿಡಬೇಕು. ಆದ್ದರಿಂದ ನಿಮ್ಮ ಆಲ್ಟರ್ನೇಟ್ (ಇಳಿಯಲಾಗದಿದ್ದರೆ ಹೋಗುವ ನಿಲ್ದಾಣ) ಜಕ್ಕೂರೇ ಎಂದು ಪೆಟ್ರೋಲ್ ಹಾಕಿ.

ಮೋಡ ತಪ್ಪಿಸಲು ಪಶ್ಚಿಮಕ್ಕೆ ಸರಿಯುವ ಮುಂಚೆ ಒಂದು ಮಾತು. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ವಿಮಾನ ಪರೀಕ್ಷಾ ವಲಯ ಇದೆ, ನಿಮ್ಮ ಗೆರೆಯಿಂದ ಸುಮಾರು 23 ಮೈಲು. ಆ ದಿನದ ನೋಟಾಮ್ (ಪೈಲಟ್‌ಗಳಿಗೆ ಕೊಡುವ ಸೂಚನೆ) ನೋಡಿರಬೇಕು. ಎಡಿಸಿ (ವಾಯುರಕ್ಷಣೆಯ ಅನುಮತಿ) ನಂಬರ್ ಪಡೆದ ದಾರಿ ಬಿಟ್ಟು ಸರಿಯುವುದಾದರೆ ರೇಡಿಯೊದಲ್ಲಿ ಹೇಳಿಯೇ ಸರಿಯಬೇಕು.

ಎಲ್ಲ ತಪ್ಪಿ ಹೊಲದಲ್ಲೇ ಇಳಿಯಬೇಕಾಗಿ ಬಂದರೆ: ಒಣಗಿದ ಮಸಾರಿ (ಕೆಂಪು ಮಣ್ಣಿನ) ಹೊಲ ಮೊದಲ ಆಯ್ಕೆ. ಎರೆ ಭೂಮಿ ಬೇಸಿಗೆಯಲ್ಲಿ ಗಟ್ಟಿ ಕಂಡರೂ ಬಿರುಕು ಬಿಟ್ಟಿರುತ್ತದೆ, ಒಂದು ಮಳೆ ಬಿದ್ದಿದ್ದರೆ ಮುಂದಿನ ಚಕ್ರ ಹೂತು ವಿಮಾನ ಮಗುಚುತ್ತದೆ. ಸಿರುಗುಪ್ಪ, ಗಂಗಾವತಿ ಕಡೆಯ ಕಾಲುವೆ ಗದ್ದೆಗಳು ಬದುಗಳಿಂದ ತುಂಬಿವೆ, ಬೇಡ.

ಕೌಲ್‌ಬಜಾರ್ 172:

ತುಂಬಾ ಉಪಕಾರ ಆಯಿತು. ಎರಡು ಸಣ್ಣ ಪ್ರಶ್ನೆ. ಎರಡು ಮೋಡಗಳ ನಡುವೆ ಹತ್ತು ಮೈಲು ತೆರಪು ಕಂಡು, ಆಚೆ ಬದಿ ಬೆಳಕಿದ್ದರೆ ದಾಟಬಹುದೇ? ಜುಲೈಗೆ ಮುಂದೂಡಿದರೆ ಸಿಬಿ ಕಡಿಮೆಯಲ್ಲವೇ, ಅದು ಒಳ್ಳೆಯದಾ?

ಸಂಡೂರು ರಿಡ್ಜ್:

ದಾಟಬಾರದು. ಎರಡೂ ಮೋಡದಿಂದ ಹೊರಬಿದ್ದ ತಣ್ಣನೆ ಗಾಳಿ ಡಿಕ್ಕಿ ಹೊಡೆಯುವುದು ಅದೇ ತೆರಪಿನಲ್ಲಿ, ಮೂರನೇ ಮೋಡ ಎದ್ದೇಳುವುದೂ ಅಲ್ಲೇ. ಹತ್ತು ಮೈಲು ದಾಟಲು ನಿಮಗೆ ಐದಾರು ನಿಮಿಷ ಬೇಕು, ಅಷ್ಟರಲ್ಲಿ ಬಾಗಿಲು ಮುಚ್ಚಬಹುದು.

ಜುಲೈ ಬೇರೆ ಥರ. ತಾಪಮಾನ 29, ಡ್ಯೂ ಪಾಯಿಂಟ್ 24 ಇದ್ದರೆ ಮೋಡದ ತಳ 2,000 ಅಡಿ. ತೋರಣಗಲ್ಲಿನಲ್ಲಿ ನಿಂತು ನೋಡಿದರೆ ಕಾನೂನಿನ 1,500 ಅಡಿ ಸೀಲಿಂಗ್ (ಮೋಡದ ತಳದ ಎತ್ತರ), 5 ಕಿ.ಮೀ. ದೃಶ್ಯತೆ ಎರಡೂ ಇದೆ. ಆದರೆ ಅದೇ ತಳ ಸಮುದ್ರಮಟ್ಟದಿಂದ 3,650 ಅಡಿ; ಮಧುಗಿರಿಯ ತಲೆ ಅದರೊಳಗೆ. ದಾರಿಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆಯೂ ಅದರೊಳಗೆ. ಪಶ್ಚಿಮದ ಗಾಳಿ 3,000-5,000 ಅಡಿಯಲ್ಲಿ 25-30 ನಾಟ್ ಇರುತ್ತೆ, ಸಂಡೂರು ಸಾಲನ್ನು ದಾಟಿ ತೋರಣಗಲ್ಲಿನ ಕಡೆ ಇಳಿಯುವಾಗ ಉರುಳುತ್ತೆ. ಕಾರ್ಬ್ಯುರೇಟರ್ ಇರುವ 152 ಅಥವಾ ಹಳೆ 172 ಆದರೆ ಇಳಿಯುವಾಗ ಐಸ್ ಕಟ್ಟುವ ತೇವ ಅದು. ಆರ್‌ಪಿಎಂ ಮೆಲ್ಲಗೆ ಬಿದ್ದರೆ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಹಿಡಿ) ಪೂರ್ತಿ ಎಳೆಯಿರಿ. ಎಂಜಿನ್ನು ಕೆಲವು ಸೆಕೆಂಡು ಇನ್ನೂ ಒರಟಾಗುತ್ತೆ, ಹೆದರಿ ಒಳಗೆ ತಳ್ಳಬೇಡಿ. ನಿಮ್ಮ 172ಎಸ್ ಇಂಜೆಕ್ಷನ್, ಅದಕ್ಕೆ ಇದಿಲ್ಲ.

ಮೋಡದೊಳಗೆ ಹೊಕ್ಕರೆ ಏನಾಗುತ್ತೆ ಅನ್ನುವುದಕ್ಕೆ 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪರೀಕ್ಷೆ ಇದೆ. ಇನ್‌ಸ್ಟ್ರುಮೆಂಟ್ ತರಬೇತಿ ಇಲ್ಲದ 20 ಜನ, ಹೊರಗಿನ ನೋಟ ಮರೆಯಾದ ಮೇಲೆ 20 ಜನರೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ತಿರುಗುವುದಾದರೆ ಬಿಳಿ ಮುಟ್ಟುವ ಮುಂಚೆ ತಿರುಗಿ. 105 ನಾಟ್‌ನಲ್ಲಿ 15-16 ಡಿಗ್ರಿ ಬ್ಯಾಂಕ್ (ರೆಕ್ಕೆಯ ಓರೆ) ಹಿಡಿದರೆ ಒಂದು ನಿಮಿಷಕ್ಕೆ 180 ಡಿಗ್ರಿ ಆಗುತ್ತೆ. ಅದಕ್ಕಿಂತ ಕಡಿದು ಬೇಡ.

ಕೌಲ್‌ಬಜಾರ್ 172:

ಹಾಗಾದರೆ ಮೇ ತಿಂಗಳೇ. ಹೊಸ ಪ್ಲಾನ್: 6:15 ಟೇಕಾಫ್, 6,500 ಅಡಿ, ರಾಯದುರ್ಗದಲ್ಲಿ ತೀರ್ಮಾನ, ರಾತ್ರಿ ಬಳ್ಳಾರಿ, ಮರುದಿನ 6:30ಕ್ಕೆ ವಾಪಸ್. ಪೆಟ್ರೋಲ್ 120 ಲೀಟರ್.

ಕ್ಯೂಎನ್‌ಎಚ್ 1004:

ಪೆಟ್ರೋಲ್ ಒಂದು ತಿದ್ದಿ, 140 ಲೀಟರ್ ಮಾಡಿ. ವಿದ್ಯಾನಗರದವರೆಗೆ 1:20, ಮೇಲೆ ಕಾಯಲು 20 ನಿಮಿಷ, ಮತ್ತೆ ಜಕ್ಕೂರಿಗೆ 1:20, ಅಲ್ಲಿ ಉಳಿಯಬೇಕಾದದ್ದು 45 ನಿಮಿಷ. ಒಟ್ಟು 3:45. ಗಂಟೆಗೆ 34 ಲೀಟರ್‌ನಂತೆ 127, ಸ್ಟಾರ್ಟ್, ಟ್ಯಾಕ್ಸಿ, ಏರುವುದಕ್ಕೆ 8. 135 ಬಂತು. 140 ಲೀಟರ್ ಅಂದರೆ 101 ಕಿಲೊ; 245 ಕೂಡಿಸಿದರೆ 346, ನಿಮ್ಮ 382ರ ಒಳಗೆ. ಗೇಜ್ ನಂಬದೆ ಡಿಪ್‌ಸ್ಟಿಕ್ ಹಾಕಿ ಎರಡೂ ಟ್ಯಾಂಕ್ ಅಳೆಯಿರಿ.

ವಿದ್ಯಾನಗರದಲ್ಲಿ ಇಳಿದಾಗ 87 ಲೀಟರ್ ಉಳಿದಿರುತ್ತೆ. ಅದರಲ್ಲೇ ವಾಪಸ್ ಬಂದರೆ ಜಕ್ಕೂರಿನ ಮೇಲೆ ನಿಮ್ಮ ಕೈಯಲ್ಲಿರುವುದು 34 ಲೀಟರ್, ಒಂದು ಗಂಟೆ, ಬೇರೆ ಕಡೆ ಹೋಗುವಷ್ಟು ಇಲ್ಲ. ಹಾಗಾಗಿ ಅಲ್ಲಿ ಅವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಸಿಗುತ್ತದೆಯೇ ಎಂದು ಅನುಮತಿ ಕೇಳುವಾಗಲೇ ಕೇಳಿಬಿಡಿ. ಸಿಗದಿದ್ದರೆ ಮರುದಿನ 6:30 ಎಂದು ಗಟ್ಟಿ ಹಿಡಿಯಬೇಡಿ. ಬೆಂಗಳೂರಿನ ಮೆಟಾರ್ ಎರಡು ಸಲ, ಅರ್ಧ ಗಂಟೆ ಬಿಟ್ಟು ನೋಡಿ. ಕೆಳಮಟ್ಟದ ಮೋಡ ಇದ್ದರೆ ಅದು ಚದುರುವವರೆಗೆ ನೆಲದಲ್ಲೇ ಇರಿ.